ಶಾಸಕ ಬದಲಾದರೂ ಗುಳೆ, ಬದಲಾಗದಿದ್ದರೂ ಗುಳೆ

ಹಿಂದೂಪುರ ಮತ್ತು ಕಲ್ಯಾಣದುರ್ಗ, ಎರಡೂ ಆಂಧ್ರದ ಹಳೆಯ ಅನಂತಪುರ ಜಿಲ್ಲೆಯ ಕ್ಷೇತ್ರಗಳು. ಹಿಂದೂಪುರ 1983ರಿಂದ ಒಮ್ಮೆಯೂ ತೆಲುಗು ದೇಶಂ ಪಕ್ಷವನ್ನು ಕೈಬಿಟ್ಟಿಲ್ಲ. ಎನ್.ಟಿ. ರಾಮರಾವ್ ಇಲ್ಲಿಂದ ಗೆದ್ದು ಮುಖ್ಯಮಂತ್ರಿಯಾದರು. 2009ರಲ್ಲಿ ಅಬ್ದುಲ್ ಘನಿ, 2014ರಿಂದ ಬಾಲಕೃಷ್ಣ. ಕಲ್ಯಾಣದುರ್ಗದ ದಾರಿ ಬೇರೆ: 2009ರಲ್ಲಿ ಕಾಂಗ್ರೆಸ್, 2014ರಲ್ಲಿ ತೆಲುಗು ದೇಶಂ, 2019ರಲ್ಲಿ ವೈಎಸ್ಸಾರ್ ಕಾಂಗ್ರೆಸ್, 2024ರಲ್ಲಿ ಮತ್ತೆ ತೆಲುಗು ದೇಶಂ.

ನಿಷ್ಠೆಗೆ ಸಿಕ್ಕಿದ್ದೇನು? ಬದಲಾವಣೆಗೆ ಸಿಕ್ಕಿದ್ದೇನು?

ವರ್ಷಕ್ಕೆ 550 ಮಿ.ಮೀ. ಆಸುಪಾಸಿನ ಮಳೆ, ಅದನ್ನೇ ನಂಬಿದ ನೆಲಗಡಲೆ. ಮಳೆ ಕೈಕೊಟ್ಟರೆ ಬೆಂಗಳೂರಿನ ಕೂಲಿಯೇ ಗತಿ. 2006ರ ಫೆಬ್ರವರಿ 2ರಂದು ಉದ್ಯೋಗ ಖಾತ್ರಿ ಯೋಜನೆಗೆ ಚಾಲನೆ ಸಿಕ್ಕಿದ್ದು ಇದೇ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಗುಳೆ ಮಾತ್ರ ನಿಲ್ಲಲಿಲ್ಲ.

ಶ್ರೀಶೈಲದಿಂದ ಕೃಷ್ಣಾ ನೀರನ್ನು ಎತ್ತಿ ತರುವ ಹಂದ್ರಿ-ನೀವಾ ಯೋಜನೆಯೇ ಇಲ್ಲಿನ ದೊಡ್ಡ ಆಸೆ. ಮುಖ್ಯ ಕಾಲುವೆಗೆ ನೀರು ಬಂದರೂ ಅದನ್ನು ಹೊಲಕ್ಕೆ ಮುಟ್ಟಿಸುವ ಉಪಕಾಲುವೆಗಳು ಪೂರ್ತಿಯಾಗಿಲ್ಲ. ಇಂಥ ಕೆಲಸಕ್ಕೆ ಹತ್ತಾರು ವರ್ಷ ಬೇಕು. ಆದರೆ 2019ರಲ್ಲೂ 2024ರಲ್ಲೂ ಸರಕಾರ ಬದಲಾಯ್ತು, ಜೊತೆಗೆ ಆದ್ಯತೆಗಳೂ ಬದಲಾದವು. ರಾಜಧಾನಿಯ ವಿಷಯದಲ್ಲೇ ನೋಡಿ: ಮೊದಲು ಒಂದು, ಆಮೇಲೆ ಮೂರರ ಮಾತು, ಈಗ ಮತ್ತೆ ಒಂದು. 2022ರ ಏಪ್ರಿಲ್ 4ರಂದು ಜಿಲ್ಲೆ ಒಡೆದಾಗ ಹಿಂದೂಪುರದವರು ಜಿಲ್ಲಾಕೇಂದ್ರ ಕೇಳಿದ್ರು, ಸಿಕ್ಕಿದ್ದು ಪುಟ್ಟಪರ್ತಿಗೆ.

ಬಡವನಿಗೆ ಸರಕಾರ ಬೀಳುವುದಕ್ಕಿಂತ, ಅದರ ಜೊತೆ ಕೆಲಸವೂ ಬೀಳುವುದೇ ದೊಡ್ಡ ಪೆಟ್ಟು. ಮುಂದಿನ ಸಲ ಮತ ಕೇಳಲು ಬಂದವರಿಗೆ ಎರಡೂ ಊರಿನವರು ಹಾಕಬೇಕಾದ ಪ್ರಶ್ನೆ ಒಂದೇ: ಹಿಂದಿನವರು ಅರ್ಧಕ್ಕೆ ಬಿಟ್ಟ ಕಾಲುವೆಯನ್ನು ನೀವು ಮುಗಿಸ್ತೀರಾ?