ಹೆದ್ದಾರಿಯ ಆಚೆ, ಈಚೆ
1994ರ ಏಪ್ರಿಲ್ 27ರಂದು ದಕ್ಷಿಣ ಆಫ್ರಿಕಾದ ಮತಗಟ್ಟೆಗಳ ಮುಂದೆ ಹನುಮಂತನ ಬಾಲದಂಥ ಸರತಿ. ಅದುವರೆಗೆ ಓಟಿನ ಹಕ್ಕಿಲ್ಲದಿದ್ದ ಕಪ್ಪು ಜನರ ನಾಯಕ ಮಂಡೇಲಾ ಕೂಡ ಮೊದಲ ಸಲ ಓಟು ಹಾಕಿದ್ದು ಅಂದೇ, 75ರ ವಯಸ್ಸಿನಲ್ಲಿ. ಓಟೇನೋ ಸಿಕ್ಕಿತು, ನೆಲ? 1913ರ ಕಾಯ್ದೆ ಕಪ್ಪು ಜನರಿಗೆ ಬಿಟ್ಟಿದ್ದು ಸುಮಾರು ಶೇ 7ರಷ್ಟು ಭೂಮಿ. ಬಿಳಿಯರ ಹೊಲಗಳಲ್ಲಿ ಶೇ 30ರಷ್ಟನ್ನು ಐದೇ ವರ್ಷದಲ್ಲಿ ಹಂಚುತ್ತೇವೆಂದ ಹೊಸ ಸರ್ಕಾರ ಗಡುವನ್ನು 2014ಕ್ಕೆ ತಳ್ಳಿತು, ಅದೂ ದಾಟಿಹೋಯಿತು. ಮಾರುವವನು ಒಪ್ಪಿದರಷ್ಟೇ ಕೊಳ್ಳುವುದೆಂದು ಕೂತರೆ ಇನ್ನೇನಾದೀತು? ಮನೆ, ಕರೆಂಟು ಲಕ್ಷಾಂತರ ಜನರಿಗೆ ತಲುಪಿದ್ದು ಸುಳ್ಳಲ್ಲ, ಬಿಡಿ. ಆದರೂ ಜೊಹಾನ್ಸ್‌ಬರ್ಗ್‌ನ ಹೆದ್ದಾರಿಯ ಈಚೆ ಸ್ಯಾಂಡ್‌ಟನ್‌ನ ಗಾಜಿನ ಕಟ್ಟಡಗಳು, ಷೇರುಪೇಟೆ. ಆಚೆ ಅಲೆಕ್ಸಾಂಡ್ರಾದ ತಗಡಿನ ಮನೆಗಳು, ಹಲವು ಸಂಸಾರಕ್ಕೊಂದು ನಲ್ಲಿ. 2024ರಲ್ಲಿ ಮಂಡೇಲಾ ಪಕ್ಷ ಮೊದಲ ಬಾರಿ ಬಹುಮತ ಕಳೆದುಕೊಂಡು, ಬಿಳಿಯರು ಹೆಚ್ಚಾಗಿ ಬೆಂಬಲಿಸುವ ಡೆಮಾಕ್ರಟಿಕ್ ಅಲಯನ್ಸ್ ಜೊತೆ ಕುರ್ಚಿ ಹಂಚಿಕೊಂಡಿತು.