ಬಳುಕುವ ನಿಬ್ಬಿಗೆ ಎಂಥ ಮಸಿ?

ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಲಿಂಗಸುಗೂರಿಗೆ ಬಂದವನು ನಮ್ಮ ಮನೆಗೂ ಬಂದಿದ್ದ. ಗುರುಗಳಿಗೆಂದು ಒಂದು ಫೌಂಟನ್ ಪೆನ್ನನ್ನೂ ಒಂದು ದೌತಿ ಮಸಿಯನ್ನೂ ತಂದಿದ್ದ. ಪೆನ್ನಿನ ನಿಬ್ಬು ಬಳುಕುವ ಜಾತಿಯದು. ಒತ್ತಿದರೆ ಗೆರೆ ದಪ್ಪವಾಗುತ್ತದೆ, ಕೈ ಸಡಿಲಿಸಿದರೆ ಕೂದಲೆಳೆಯಷ್ಟು ತೆಳುವಾಗುತ್ತದೆ. ಮಸಿಯಾದರೋ ಕಡುನೀಲಿ, ಒಣಗಿದ ಮೇಲೆ ಕೆಂಪಗೆ ಮಿರುಗುತ್ತದೆ, ಅದರೊಳಗೆ ಬೆಳ್ಳಿಯ ಪುಡಿಯಂಥ ಕಣಗಳು ಬೇರೆ. "ಸರ್, ಇಂಥ ನಿಬ್ಬಿಗೆ ಇಂಥ ಮಸಿಯೇ ಶೋಭೆ. ಇದೆಲ್ಲ ಅವರವರ ಅಭಿರುಚಿ ಅನ್ನಿ" ಎಂದ. ಅವನು ಪ್ರೀತಿಯಿಂದ ತಂದುದನ್ನು ಸಂತೋಷದಿಂದ ಸ್ವೀಕರಿಸಿದೆ. ಅವನ ಮಾತನ್ನು ಮಾತ್ರ ಸ್ವೀಕರಿಸಲಾರೆ. ಮಸಿಯ ಆಯ್ಕೆ ಕೇವಲ ಅಭಿರುಚಿಯ ವಿಷಯವಲ್ಲ ಎಂಬುದು ನನ್ನ ವಾದ. ಆ ವಾದವನ್ನು ನಾನು ಕಲಿತದ್ದು ನನ್ನ ಒಂದು ತಪ್ಪಿನಿಂದ.

ಬಳುಕುವ ನಿಬ್ಬಿನ ಸ್ವಭಾವವನ್ನು ಮೊದಲು ತಿಳಿಯಬೇಕು. ಒತ್ತಿದಾಗ ಅದರ ಎರಡು ಮೊನೆಗಳು ಅಗಲುತ್ತವೆ. ನಡುವಿನ ತೆರಪನ್ನು ಮಸಿ ತುಂಬಬೇಕು. ಸಾಕಷ್ಟು ಮಸಿ ಇಳಿಯದಿದ್ದರೆ ನಡುವೆ ಬಿಳಿ ಉಳಿದು ರೈಲು ಹಳಿಯಂತೆ ಎರಡು ಗೆರೆಗಳು ಮೂಡುತ್ತವೆ. ಅತಿಯಾಗಿ ಇಳಿದರೆ ಅಕ್ಷರವು ಕೆರೆಯಾಗಿ ನಿಲ್ಲುತ್ತದೆ, ನಮ್ಮ ಅಂಗಡಿಗಳ ಸಾಧಾರಣ ಕಾಗದದಲ್ಲಿ ಬೇರು ಬಿಟ್ಟಂತೆ ಹಬ್ಬುತ್ತದೆ. ಆದ್ದರಿಂದ ಈ ನಿಬ್ಬಿಗೆ ಧಾರಾಳವಾಗಿ ಹರಿಯುವ, ಆದರೆ ಕಾಗದದ ಮೇಲೆ ಶಿಸ್ತಿನಿಂದ ನಿಲ್ಲುವ ಮಸಿ ಬೇಕು. ರಾಯಚೂರು ಸೀಮೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬರೆದವರಿಗೆ ಇನ್ನೊಂದು ಕಷ್ಟವೂ ಗೊತ್ತು: ಮುಚ್ಚಳ ತೆಗೆದಿಟ್ಟು ಒಂದು ವಾಕ್ಯ ಯೋಚಿಸುವಷ್ಟರಲ್ಲಿ ನಿಬ್ಬು ಒಣಗಿರುತ್ತದೆ.

ಇನ್ನು ಚಂದದ ಮಾತು. ದಪ್ಪ ಗೆರೆಯಲ್ಲಿ ಮಸಿ ಹೆಚ್ಚು, ತೆಳು ಗೆರೆಯಲ್ಲಿ ಕಡಿಮೆ. ಮಸಿಯ ಬಣ್ಣ ಹದವಾಗಿದ್ದರೆ ತೆಳು ಗೆರೆ ಮಾಸಲಾಗಿಯೂ ದಪ್ಪ ಗೆರೆ ಗಾಢವಾಗಿಯೂ ಕಾಣುತ್ತದೆ. ಒಂದೇ ಅಕ್ಷರದೊಳಗೆ ನೆರಳು ಬೆಳಕು ಆಡುತ್ತದೆ. ಬಳುಕುವ ನಿಬ್ಬಿನ ಸೊಗಸೆಲ್ಲ ಇರುವುದು ಇಲ್ಲಿ. ಬಣ್ಣವನ್ನು ಅತಿಯಾಗಿ ತುಂಬಿದ ಮಸಿಯಲ್ಲಿ ತೆಳುವೂ ಗಾಢ, ದಪ್ಪವೂ ಗಾಢ. ಹಾಗಾದರೆ ನಿಬ್ಬು ಬಳುಕಿ ಏನು ಪ್ರಯೋಜನ? ಕೆಂಪು ಮಿರುಗಿನ ಮಸಿಗಳ ಗುಣ ಇನ್ನೂ ವಿಚಿತ್ರ. ಬಣ್ಣವು ಕಾಗದದೊಳಗೆ ಇಳಿಯದೆ ಮೇಲೆಯೇ ಹೆಪ್ಪುಗಟ್ಟುವುದರಿಂದ ಆ ಮಿರುಗು. ಅದೇ ಕಾರಣಕ್ಕೆ ಎಷ್ಟೋ ದಿನಗಳ ನಂತರವೂ ಬೆವರಿದ ಬೆರಳು ತಾಗಿದರೆ ಅಕ್ಷರ ಕದಡುತ್ತದೆ. ಹೊಳಪಿನ ಕಣಗಳಂತೂ ದೌತಿಯ ತಳದಲ್ಲಿ ಕೂಡುತ್ತವೆ, ಪೆನ್ನಿನೊಳಗೆ ಹೋಗಿ ನಿಬ್ಬಿನ ಅಡಿಯ ನಾಲಿಗೆಯ ಸಣ್ಣ ಕಾಲುವೆಗಳನ್ನು ಕಟ್ಟುತ್ತವೆ. ಹಟ್ಟಿ ಚಿನ್ನದ ಗಣಿ ಇರುವ ತಾಲೂಕಿನವರು ನಾವು. ಕಾಗೆಬಂಗಾರಕ್ಕೆ ಮರುಳಾಗುವುದು ನಮಗೆ ಭೂಷಣವಲ್ಲ.

ನಮ್ಮ ಲಿಪಿಯ ಪ್ರಶ್ನೆಯೂ ಇದೆ. ನೆರೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನು ನೋಡಿದವರು ಬಲ್ಲರು: ಬ್ರಾಹ್ಮಿಯ ಆ ಗೆರೆಗಳಲ್ಲಿ ದಪ್ಪ ತೆಳುವಿನ ಆಟವಿಲ್ಲ, ಉಳಿ ಕೊರೆದದ್ದಷ್ಟೇ. ಮುಂದೆ ಓಲೆಗರಿಯ ಮೇಲೆ ಕಂಠದಿಂದ ಕೊರೆದು ಕಾಡಿಗೆ ತಿಕ್ಕಿದ ಕಾಲದಲ್ಲಿಯೂ ಗೆರೆ ಒಂದೇ ಸಮ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ನಮ್ಮ ಭಾಗದ ಕಚೇರಿಗಳಲ್ಲಿ ಉರ್ದು ನಡೆಯುತ್ತಿತ್ತು. ಅದರ ಬೆತ್ತದ ಕಲಮಿನಲ್ಲಿ ದಪ್ಪ ತೆಳು ಇತ್ತಾದರೂ ಅದು ಬಂದದ್ದು ಕಲಮನ್ನು ಓರೆಯಾಗಿ ಕತ್ತರಿಸಿದ ಮೊನೆಯಿಂದ, ಕೈಯ ಒತ್ತಡದಿಂದಲ್ಲ. ಒತ್ತಿ ಬರೆಯುವ ಕಲೆ ಇಂಗ್ಲಿಷ್ ಬರವಣಿಗೆಯ ಜತೆ ಉಕ್ಕಿನ ನಿಬ್ಬಾಗಿ, ಟಾಕಾಗಿ ನಮ್ಮ ಶಾಲೆಗಳಿಗೆ ಬಂದ ಅತಿಥಿ. ಅತಿಥಿಯನ್ನು ಆದರಿಸೋಣ. ಆದರೆ ಅವನಿಗಾಗಿ ಮನೆಯ ಕಂಬ ಕೀಳಬಾರದು.

ಕನ್ನಡದಲ್ಲಿ ಕಂಬವೆಂದರೆ ಸಣ್ಣ ಚುಕ್ಕೆ, ಸಣ್ಣ ಸೀಳು. ರಕಾರದ ಹೊಟ್ಟೆಯಲ್ಲಿ ಒಂದು ಚುಕ್ಕೆ ಇಟ್ಟರೆ ಠಕಾರ. ಧಕಾರದೊಳಗೆ ಚುಕ್ಕೆ ಬಂದರೆ ಥಕಾರ. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳ ನಡುವೆ ಇರುವುದು ಅಡಿಯ ಒಂದು ಪುಟ್ಟ ಸೀಳು. ಮಸಿ ಹಬ್ಬಿದರೆ ಮೊದಲು ಸಾಯುವುದು ಇವೇ. 'ಪಾಠ'ದ ಠಕಾರ ಮಸಿಯ ಉಂಡೆಯಾಗುತ್ತದೆ, 'ಸ್ವಾತಂತ್ರ್ಯ'ದ ಒತ್ತಕ್ಷರಗಳು ಒಂದರೊಳಗೊಂದು ಮುಳುಗುತ್ತವೆ. ಇಂಗ್ಲಿಷಿನಲ್ಲಿ ಸೊಗಸಾಗಿ ಕಂಡ ಮಸಿ ಕನ್ನಡದಲ್ಲಿಯೂ ಸೊಗಸಾಗಿರುತ್ತದೆಂದು ನಂಬುವವರು ಇದನ್ನು ಒಮ್ಮೆ ಬರೆದು ನೋಡಲಿ.

ಹಾಗಾದರೆ ಎಂಥ ಮಸಿ? ನನ್ನ ಉತ್ತರ ಹಳೆಯದು: ಕಬ್ಬಿಣದ ಮಸಿ. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದರು. ಯುರೋಪಿನವರು ಮಾಚಿಕಾಯಿಯಿಂದ ಅದನ್ನೇ ಮಾಡಿದರು. ತತ್ತ್ವ ಒಂದೇ. ಕಾಯಿಯ ಒಗರು ಕಬ್ಬಿಣದ ಲವಣದೊಡನೆ ಸೇರುತ್ತದೆ. ಬರೆಯುವಾಗ ಮಸಿ ಪೇಲವವಾಗಿರುತ್ತದೆ. ಗಾಳಿ ತಾಗಿದಂತೆ ಕಾಗದದ ಎಳೆಗಳೊಳಗೆ ಕಪ್ಪಾಗಿ ಕಚ್ಚಿಕೊಳ್ಳುತ್ತದೆ. ಬರೆಯುವವನ ಕಣ್ಣಿಗೆ ಕಾಣಲೆಂದು ಅದಕ್ಕೊಂದಿಷ್ಟು ನೀಲಿ ಬಣ್ಣ ಸೇರಿಸುತ್ತಿದ್ದರು. ನೀಲಿ ಕಪ್ಪಾಗಿ ಮಾರ್ಪಡುವ ಈ ಗುಣದಿಂದಲೇ ಅದಕ್ಕೆ 'ಬ್ಲೂಬ್ಲ್ಯಾಕ್' ಎಂಬ ಹೆಸರು ಬಂತು. ಇಂದು ಆ ಹೆಸರು ಹೊತ್ತ ಮಸಿಗಳೆಲ್ಲ ಕಬ್ಬಿಣದವಲ್ಲ. ಬಹಳಷ್ಟು ಬರಿಯ ಬಣ್ಣದ ನೀರು. ಇಂಗ್ಲೆಂಡಿನಲ್ಲಿ ಜನನ, ಮರಣ, ವಿವಾಹಗಳ ವಹಿಗಳನ್ನು ದೀರ್ಘಕಾಲ ಬರೆದದ್ದು ಕಬ್ಬಿಣದ ಮಸಿಯಿಂದಲೇ. ಅದಕ್ಕೆ 'ರಿಜಿಸ್ಟ್ರಾರನ ಮಸಿ' ಎಂದೇ ಹೆಸರು. ಬಳುಕುವ ನಿಬ್ಬಿನಲ್ಲಿ ಅದರ ತೆಳು ಗೆರೆ ಬೂದು ನೀಲಿ, ದಪ್ಪ ಗೆರೆ ಮಳೆಗಾಲದ ಮೋಡ. ಅದು ಅಷ್ಟಾಗಿ ಹಬ್ಬುವುದಿಲ್ಲ, ಠಕಾರದ ಚುಕ್ಕೆಯನ್ನು ಉಳಿಸುತ್ತದೆ. ಚಂದಕ್ಕೂ ಬಾಳಿಕೆಗೂ ಇಲ್ಲಿ ಜಗಳವೇ ಇಲ್ಲ.

ಈಗ ನನ್ನ ತಪ್ಪಿನ ಕಥೆ. 1983ರ ಸುಮಾರಿಗೆ ನಾನು ತಾಲೂಕಿನ ಒಂದು ಶಾಲೆಯಲ್ಲಿದ್ದೆ. ಅಕ್ಷರ ಚೆನ್ನಾಗಿದೆಯೆಂದು ದಾಖಲಾತಿ ರಜಿಸ್ಟರು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನನಗಿಂತ ಹಿಂದಿನ ಗುರುಗಳು ಬ್ಲೂಬ್ಲ್ಯಾಕಿನಲ್ಲಿ ಬರೆದ ಪುಟಗಳು ನನ್ನ ಕಣ್ಣಿಗೆ ಸಪ್ಪೆಯಾಗಿ ಕಂಡವು. ನನ್ನ ಬಳಿ ಬಳುಕುವ ನಿಬ್ಬಿನ ಒಂದು ಪೆನ್ನಿತ್ತು, ತೊಳೆದರೆ ಹೋಗುವ ರಾಯಲ್ ಬ್ಲೂ ಮಸಿಯಿತ್ತು. ಮೂರು ವರ್ಷ ಮಕ್ಕಳ ಹೆಸರು, ತಂದೆಯ ಹೆಸರು, ಜನ್ಮ ದಿನಾಂಕಗಳನ್ನು ಅದರಲ್ಲಿಯೇ ಬರೆದೆ. ತಪಾಸಣೆಗೆ ಬಂದವರು ಹೊಗಳಿದರು, ನಾನು ಉಬ್ಬಿದೆ.

2009ರ ಸೆಪ್ಟೆಂಬರ್ ಕೊನೆಯ, ಅಕ್ಟೋಬರ್ ಮೊದಲ ದಿನಗಳ ಮಳೆ ಉತ್ತರ ಕರ್ನಾಟಕದವರಿಗೆ ಮರೆಯುವಂಥದಲ್ಲ. ಆ ಮಳೆಯಲ್ಲಿ ಶಾಲೆಯ ಮಾಳಿಗೆ ಸೋರಿ ರಜಿಸ್ಟರುಗಳು ನೆನೆದವು. ಮರುವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಹುಡುಕಿಕೊಂಡು ಬಂದಳು. ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಅಂಗನವಾಡಿ ಸಹಾಯಕಿಯ ಹುದ್ದೆಗೆ ಅರ್ಜಿ ಹಾಕಲು ಜನ್ಮ ದಿನಾಂಕದ ದಾಖಲೆ ಬೇಕಾಗಿತ್ತು. ಅವಳೊಡನೆ ಶಾಲೆಗೆ ಹೋದೆ. ಹಿಂದಿನ ಗುರುಗಳ ಪುಟಗಳಲ್ಲಿ ನೀರಿನ ಕಲೆಯಿತ್ತು, ಕಾಗದ ಸುಕ್ಕಾಗಿತ್ತು, ಅಕ್ಷರಗಳು ಮಾತ್ರ ಒಂದೊಂದೂ ಹಾಗೆಯೇ ಇದ್ದವು. ನನ್ನ ಪುಟಗಳಲ್ಲಿ ತಿಳಿನೀಲಿಯ ಮಬ್ಬು ಬಿಟ್ಟರೆ ಏನೂ ಇರಲಿಲ್ಲ.

"ನನ್ನ ಹೆಸರು ನೀವ ಬರದಿದ್ರಿ ಸರ. ಆವಾಗ ನಾ ನಿಂತು ನೋಡೀನಿ. ಭಾಳ ಚಂದ ಬರದಿದ್ರಿ" ಎಂದಳು. ಅವಳ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಪ್ರಮಾಣಪತ್ರ ಮಾಡಿಸಿ, ಅಲ್ಲಿ ಇಲ್ಲಿ ಅಲೆದು ಕಾಗದ ಕೈಗೆ ಬರುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ಕಳೆದಿತ್ತು. ಮಾಳಿಗೆ ಸೋರಿದ್ದು ನನ್ನ ತಪ್ಪಲ್ಲ. ಮಸಿ ಆರಿಸಿದ್ದು ನಾನು.

ಇದಕ್ಕೆ ಬರಬಹುದಾದ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು: ಈಗ ಶಾಲೆಯ ದಾಖಲೆಯೆಲ್ಲ ಗಣಕಯಂತ್ರದಲ್ಲಿದೆ, ಪೆನ್ನು ಹವ್ಯಾಸಕ್ಕೆ ಮಾತ್ರ. ಒಪ್ಪಿದೆ. ಆದರೆ ಪೆನ್ನು ಹಿಡಿದವನು ಹವ್ಯಾಸಕ್ಕೆ ಬರೆಯುವುದಾದರೂ ಏನನ್ನು? ಮಗಳಿಗೆ ಪತ್ರ, ದಿನಚರಿ, ತಾಯಿ ಹೇಳಿದ ಹಾಡು. ಇವುಗಳಿಗೆ ಗಣಕಯಂತ್ರದಲ್ಲಿ ಎರಡನೆಯ ಪ್ರತಿ ಇರುವುದಿಲ್ಲ. ಎರಡನೆಯದು: ಅಷ್ಟು ಭಯವಿದ್ದರೆ ಬಾಲ್‌ಪೆನ್ನು ಸಾಕಲ್ಲ? ಸಾಕು, ನೀರಿಗೆ ಅದು ಹೆದರುವುದಿಲ್ಲ. ಆದರೆ ಚಂದವೂ ಬೇಕೆಂದು ತಾನೇ ನಾವು ಬಳುಕುವ ನಿಬ್ಬು ಹಿಡಿದದ್ದು? ಮೂರನೆಯದು ನಿಜವಾದ ಆಕ್ಷೇಪ: ಕಬ್ಬಿಣದ ಮಸಿ ಆಮ್ಲ, ಉಕ್ಕಿನ ನಿಬ್ಬನ್ನು ತಿನ್ನುತ್ತದೆ, ಹಳೆಯ ಕಾಲದ ಉಗ್ರ ಮಸಿಗಳು ಕಾಗದವನ್ನೂ ತಿಂದಿವೆ. ಸತ್ಯ. ಈಗಿನ ಮಸಿಗಳು ಸೌಮ್ಯವಾಗಿವೆ. ಚಿನ್ನದ ನಿಬ್ಬಿಗೆ ಅವುಗಳ ಭಯವಿಲ್ಲ. ಉಕ್ಕಿನ ನಿಬ್ಬಾದರೆ ಎರಡು ವಾರಕ್ಕೊಮ್ಮೆ ತಣ್ಣೀರಿನಲ್ಲಿ ತೊಳೆಯಬೇಕು, ಮಸಿ ತುಂಬಿದ ಪೆನ್ನನ್ನು ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಮರೆಯಬಾರದು. ಈ ಮಸಿ ತುಸು ನಿಧಾನವಾಗಿ ಹರಿಯುವುದರಿಂದ ಅವಸರದಲ್ಲಿ ಒತ್ತಿದರೆ ರೈಲು ಹಳಿ ಮೂಡುತ್ತದೆ, ಕೈಯನ್ನು ನಿಧಾನಿಸಬೇಕು. ಅದನ್ನು ದೋಷವೆಂದು ನಾನು ಎಣಿಸುವುದಿಲ್ಲ.

ಕೊಳ್ಳುವವರಿಗೆ ನನ್ನ ಸಲಹೆ ಸರಳ. ಪೆಲಿಕಾನ್ 4001 ಬ್ಲೂಬ್ಲ್ಯಾಕ್, ಪ್ಲಾಟಿನಂ ಬ್ಲೂಬ್ಲ್ಯಾಕ್, ಡಯಮೈನ್ ರಿಜಿಸ್ಟ್ರಾರ್ಸ್, ರೋರರ್ ಕ್ಲಿಂಗ್ನರ್ ಅವರ ಸಾಲಿಕ್ಸ್ ಇವೆಲ್ಲ ಕಬ್ಬಿಣದ ಅಂಶವುಳ್ಳವು. ಕಬ್ಬಿಣದ ಮಸಿಯನ್ನು ಬೇರೆ ಮಸಿಯೊಡನೆ ಬೆರೆಸಬಾರದು, ಗಸಿ ಕೂಡುತ್ತದೆ. ಗೋಂದು ಅಥವಾ ಅರಗು ಸೇರಿದ ಚಿತ್ರಕಾರರ ಮಸಿ ಟಾಕಿಗೆ ಸರಿ, ಫೌಂಟನ್ ಪೆನ್ನಿಗೆ ವಿಷ. 1931ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕ್ಯಾಮ್ಲಿನ್, 1934ರಲ್ಲಿ ಬಂಗಾಳದಲ್ಲಿ ಸ್ವದೇಶಿಯ ಹುಮ್ಮಸ್ಸಿನಿಂದ ಹುಟ್ಟಿದ ಸುಲೇಖಾ ಇವುಗಳ ರಾಯಲ್ ಬ್ಲೂ ಮಸಿಯಲ್ಲಿ ಅಕ್ಷರ ತಿದ್ದಿ ಪಳಗಿ. ಅಗ್ಗ, ಪೆನ್ನಿಗೂ ಹಿತ. ಉಳಿಯಬೇಕಾದುದನ್ನು ಮಾತ್ರ ಅದರಲ್ಲಿ ಬರೆಯಬೇಡಿ. ಯಾವ ಮಸಿಯನ್ನೇ ತಂದರೂ ನೀವು ದಿನವೂ ಬಳಸುವ ಕಾಗದದ ಮೇಲೆ 'ಪಾಠ', 'ಕಥೆ', 'ಸ್ವಾತಂತ್ರ್ಯ' ಎಂದು ಒತ್ತಿ ಬರೆಯಿರಿ. ಎರಡು ದಿನ ಬಿಟ್ಟು ಮೇಲೆ ನೀರಿನ ಹನಿ ಹಾಕಿ. ನೀಲಿ ಕರಗಿದರೂ ಅಡಿಯಲ್ಲಿ ಕಪ್ಪು ಗೆರೆ ನಿಂತರೆ ಆ ಮಸಿಯನ್ನು ನಂಬಬಹುದು.

ನಮ್ಮದೇ ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1937ರಲ್ಲಿ ಆರಂಭವಾದ ಬಣ್ಣದ ಕಾರ್ಖಾನೆಯು 1962ರ ಮಹಾಚುನಾವಣೆಯಿಂದ ಇಡೀ ದೇಶದ ಮತದಾರರ ಬೆರಳಿಗೆ ಅಳಿಸದ ಮಸಿ ಒದಗಿಸುತ್ತಿದೆ. ಬೆಳ್ಳಿಯ ನೈಟ್ರೇಟಿನ ಆ ಗುರುತು ಉಗುರು ಬೆಳೆದು ಹೋಗುವವರೆಗೂ ಬಿಡುವುದಿಲ್ಲ. ಒಂದು ದಿನದ ಮತಕ್ಕೆ ಇಷ್ಟು ಎಚ್ಚರ ವಹಿಸಿದ ನಾಡಿನ ಶಿಕ್ಷಕನಾದ ನಾನು, ಒಂದು ಮಗುವಿನ ಜನ್ಮ ದಿನಾಂಕವನ್ನು ನೀರಿನ ಮೇಲೆ ಬರೆದಂತೆ ಬರೆದಿಟ್ಟೆ.

ಬೆಂಗಳೂರಿನ ಶಿಷ್ಯ ಕೊಟ್ಟ ಪೆನ್ನು ಈಗ ನನ್ನ ಮೇಜಿನ ಮೇಲಿದೆ. ಒಳ್ಳೆಯ ನಿಬ್ಬು. ಅವನ ಮಿರುಗುವ ಮಸಿಯನ್ನು ಮೊಮ್ಮಗಳು ಚಿತ್ರ ಬರೆಯಲು ತೆಗೆದುಕೊಂಡಿದ್ದಾಳೆ. ಪೆನ್ನನ್ನು ತೊಳೆದು ಕಬ್ಬಿಣದ ಮಸಿ ತುಂಬಿ ಅವನಿಗೆ ಧನ್ಯವಾದದ ಕಾಗದ ಬರೆದಿದ್ದೇನೆ. ಅದು ಅವನ ಕೈ ಸೇರುವ ಹೊತ್ತಿಗೆ ಇನ್ನಷ್ಟು ಕಪ್ಪಾಗಿರುತ್ತದೆ.