ಮಂಟಪದ ಮುಂದೆ ದೀಪ, ಹಿಂದೆ ಬೆವರು

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಬಂದಿದೆ. ಈ ಸುದ್ದಿಯನ್ನು ಕೆಲಗೇರಿಯ ಚಹಾದಂಗಡಿಯಲ್ಲಿ ಓದುತ್ತಿದ್ದ ಹುಡುಗನೊಬ್ಬ ಹಿಗ್ಗಿನಿಂದ ಹೇಳಿದ: "ಆಟದ ಟಿಕೇಟು ಸಿಗದಿದ್ರೂ ಅಡ್ಡಿಯಿಲ್ಲ. ಊರ ತುಂಬ ಸಂಸ್ಕೃತಿ ಮಂಟಪ ಹಾಕ್ತಾರ. ನಮ್ಮ ಕಸೂತಿ, ನಮ್ಮ ಪೇಡೆ, ಬೆಂಗೇರಿ ಬಾವುಟ ಎಲ್ಲಾ ಅಲ್ಲಿರ್ತಾವ." ಮೂಲೆಯಲ್ಲಿ ಕುಳಿತಿದ್ದ ಹಳೆಯ ಗಿರಣಿ ಕೆಲಸಗಾರರೊಬ್ಬರು ಬಶಿಯನ್ನು ಕೆಳಗಿಟ್ಟು ಒಂದೇ ಮಾತು ಕೇಳಿದರು: "ಎಲ್ಲಾ ಖರೆ ತಮ್ಮಾ. ಆ ಮಂಟಪ ಕಟ್ಟೋರಿಗೆ ಪಗಾರ ಎಷ್ಟಂತ?"

ಹುಡುಗನ ಹಿಗ್ಗು ತಪ್ಪಲ್ಲ. ಹಿರಿಯರ ಪ್ರಶ್ನೆಯೂ ತಪ್ಪಲ್ಲ. ಎರಡನ್ನೂ ಕೂಡಿಸಿ ನೋಡುವುದು ನಮ್ಮ ನಿಮ್ಮ ಕೆಲಸ.

ಕ್ರೀಡಾಕೂಟದ ಊರಿನಲ್ಲಿ ಮಂಟಪ ಹಾಕುವುದನ್ನು ನಾವು ಹಳಿಯುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನ ಕಾಲಕ್ಕೆ ಲಾ ವಿಲೆಟ್ ಎಂಬ ಉದ್ಯಾನದಲ್ಲಿ ಹಲವು ದೇಶಗಳು ತಮ್ಮ ತಮ್ಮ ಮನೆಗಳನ್ನು ತೆರೆದಿದ್ದವು. ಒಲಿಂಪಿಕ್ಸಿನಲ್ಲಿ ಭಾರತಕ್ಕೊಂದು ಮನೆ ಆದದ್ದು ಅದೇ ಮೊದಲು. ಭಾರತೀಯ ಒಲಿಂಪಿಕ್ ಸಂಸ್ಥೆ ರಿಲಯನ್ಸ್ ಫೌಂಡೇಶನ್ ಜತೆಗೂಡಿ ಅದನ್ನು ನಡೆಸಿತು. ನಮ್ಮ ಕುಶಲ ಕಲೆ, ಕುಣಿತ, ಯೋಗ, ಅಡುಗೆ ಅಲ್ಲಿದ್ದವು. ಅಲ್ಲಿಂದ ತುಸು ನಡೆದರೆ ಬ್ರೆಜಿಲ್, ಮತ್ತೆ ತುಸು ನಡೆದರೆ ಹಾಲೆಂಡ್. ದೇಶ ಸುತ್ತಲಾರದ ದುಡಿಯುವ ಮನುಷ್ಯನಿಗೆ ಒಂದೇ ಸಂಜೆಯಲ್ಲಿ ಲೋಕ ಕಾಣುವುದು ಸಣ್ಣ ಮಾತಲ್ಲ.

ಆ ಉದ್ಯಾನದ ನೆಲದ ಕತೆಯೂ ತಿಳಿದಿರಲಿ. 1867ರಿಂದ 1974ರವರೆಗೆ ಅದು ಪ್ಯಾರಿಸಿನ ದನದ ಸಂತೆ ಮತ್ತು ಕಸಾಯಿಖಾನೆ. ದನಗಳನ್ನು ಮಾರುತ್ತಿದ್ದ ಕಬ್ಬಿಣದ ದೊಡ್ಡ ಚಾವಣಿಯ ಕೆಳಗೇ ಫ್ರಾನ್ಸ್ ತನ್ನ ಮನೆಯನ್ನು ತೆರೆದಿತ್ತು. ಕೂಲಿಕಾರರು ನೂರು ವರ್ಷ ಬೆವರು ಸುರಿಸಿದ ಜಾಗ ಅದು. ಬೆವರಿದ್ದ ಕಡೆಗೇ ಸಂಸ್ಕೃತಿ ಬಂದು ಕುಳಿತರೆ ಸಂತೋಷವೇ. ಆದರೆ ಬೆವರನ್ನು ಒರೆಸಿ ಹಾಕಿ, ಬೆವರಿದವನನ್ನು ಬಾಗಿಲ ಹೊರಗೆ ನಿಲ್ಲಿಸಿದರೆ?

ಇದು ಬರಿ ಅನುಮಾನವಲ್ಲ. 1982ರಲ್ಲಿ ದಿಲ್ಲಿಯ ಏಷ್ಯಾಡಿಗಾಗಿ ಕ್ರೀಡಾಂಗಣ, ಮೇಲ್ಸೇತುವೆ, ವಸತಿಗಳನ್ನು ಕಟ್ಟಿದ ಕೂಲಿಕಾರರಿಗೆ ಗೊತ್ತಾಗಿದ್ದ ದಿನಗೂಲಿ 9 ರೂಪಾಯಿ 25 ಪೈಸೆ. ಗುತ್ತಿಗೆದಾರ ಅದನ್ನು ಜಮಾದಾರನ ಕೈಗೆ ಕೊಡುತ್ತಿದ್ದ. ಜಮಾದಾರ ತಲೆಗೊಂದು ರೂಪಾಯಿ ಮುರಿದುಕೊಂಡು 8 ರೂಪಾಯಿ 25 ಪೈಸೆ ಎಣಿಸುತ್ತಿದ್ದ. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಎಂಬ ಸಂಘಟನೆ ಇದನ್ನೊಂದು ಪತ್ರದಲ್ಲಿ ಬರೆದು ಸುಪ್ರೀಂ ಕೋರ್ಟಿಗೆ ಕಳಿಸಿತು. ಕೋರ್ಟು ಪತ್ರವನ್ನೇ ಅರ್ಜಿಯೆಂದು ತಿಳಿದು ವಿಚಾರಿಸಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಆ ಸಪ್ಟೆಂಬರಿನಲ್ಲಿ ತೀರ್ಪಿತ್ತಿತು. ಕ್ರೀಡಾಕೂಟ ಆರಂಭವಾದದ್ದು ನವೆಂಬರಿನಲ್ಲಿ. ಆ ಒಂದು ರೂಪಾಯಿಯ ಲೆಕ್ಕ ಯಾವ ಮಂಟಪದ ಗೋಡೆಯ ಮೇಲೂ ಬರೆದಿರಲಿಕ್ಕಿಲ್ಲ.

ಇನ್ನು ಅಂಗಡಿಕಾರರ ಮಾತು. ಬ್ರೆಜಿಲಿನ ಸಾಲ್ವಡಾರ್ ಪಟ್ಟಣದ ಬೀದಿಗಳಲ್ಲಿ ಹೆಣ್ಣುಮಕ್ಕಳು ಅಲಸಂದಿ ಕಾಳು ರುಬ್ಬಿ, ತಾಳೆ ಎಣ್ಣೆಯಲ್ಲಿ ಕರಿದು ಅಕರಾಜೆ ಎಂಬ ವಡೆ ಮಾರುತ್ತಾರೆ. ಆ ಕಸುಬನ್ನು ಅಲ್ಲಿಯ ಸರಕಾರವೇ ರಾಷ್ಟ್ರೀಯ ಪರಂಪರೆ ಎಂದು ದಾಖಲೆ ಮಾಡಿದೆ. ಆದರೆ 2014ರ ಫುಟ್ಬಾಲ್ ವಿಶ್ವಕಪ್ಪಿಗೆ ಸಿದ್ಧತೆ ನಡೆದಾಗ, ಕ್ರೀಡಾಂಗಣದ ಸುತ್ತ ಹಣ ಕೊಟ್ಟ ಪ್ರಾಯೋಜಕರ ಸರಕಿಗೆ ಮಾತ್ರ ಜಾಗ ಎಂದರು. ಪರಂಪರೆ ಕಾಗದದಲ್ಲಿ, ಪರಂಪರೆಯವಳು ಬೀದಿಯ ಆಚೆ! ಆ ಹೆಣ್ಣುಮಕ್ಕಳು ಬುಟ್ಟಿ ಸಮೇತ ಬಂದು ಹಟ ಹಿಡಿದರು. 2013ರಲ್ಲಿ ಅವರಲ್ಲಿ ಕೆಲವರಿಗೆ ಒಳಗೆ ಮಾರಲು ಅನುಮತಿ ಸಿಕ್ಕಿತು. ಪ್ಯಾರಿಸಿನಲ್ಲಿಯೂ ಹಾಗೆಯೇ. ಸೇನ್ ನದಿಯ ದಂಡೆಯಲ್ಲಿ ಹಳೆಯ ಪುಸ್ತಕ ಮಾರುವವರ ನೂರಾರು ಪೆಟ್ಟಿಗೆಗಳನ್ನು ಭದ್ರತೆಯ ಹೆಸರಿನಲ್ಲಿ ಕೀಳುವೆವೆಂದು 2023ರಲ್ಲಿ ಪೊಲೀಸರು ಹೇಳಿದರು. ವ್ಯಾಪಾರಿಗಳು ಒಗ್ಗಟ್ಟಾಗಿ ಒಲ್ಲೆವೆಂದರು. 2024ರ ಫೆಬ್ರುವರಿಯಲ್ಲಿ ಸರಕಾರ ಆ ಯೋಜನೆಯನ್ನು ಕೈಬಿಟ್ಟಿತು. ಕೂಡಿ ನಿಂತವರು ಉಳಿದರು.

ನಮ್ಮ ಮಗ್ಗುಲಿನ ಬೆಂಗೇರಿಗೆ ಬನ್ನಿರಿ. ಅಲ್ಲಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಹುಟ್ಟಿತು. ರಾಷ್ಟ್ರಧ್ವಜಕ್ಕೆ ಮಾನಕ ಬ್ಯೂರೋದ ಪ್ರಮಾಣ ಪಡೆದ ಖಾದಿ ಘಟಕ ಅದರದು. ಬಣ್ಣ ಹಾಕಿ, ಅಳೆದು, ಚಕ್ರ ಮುದ್ರಿಸಿ, ಹೊಲಿಯುವ ಆ ಕೆಲಸದಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಯನ್ನು ತಿದ್ದಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಒಪ್ಪಿಗೆ ಕೊಟ್ಟರು. ಮರುವರ್ಷ ಮನೆಮನೆಗೂ ಬಾವುಟ ಎಂಬ ಕೂಗು ಎದ್ದಿತು, ಬೆಂಗೇರಿಯಲ್ಲಿ ಪ್ರತಿಭಟನೆ ಎದ್ದಿತು. ಬಾವುಟ ಹೆಚ್ಚಿದ ವರ್ಷದಲ್ಲಿಯೇ ಬಾವುಟ ಹೊಲಿಯುವವಳು ತನ್ನ ಕೆಲಸಕ್ಕಾಗಿ ಕೂಗಬೇಕಾಯಿತು. ನಾಳೆ ಅಹಮದಾಬಾದಿನ ಮಂಟಪಗಳ ಮೇಲೆ ಹಾರುವ ಬಾವುಟ ಯಾರ ಕೈಯದು? ಈ ಪ್ರಶ್ನೆಯನ್ನು ಇಂದೇ ಕೇಳಬೇಕು.

ಅಹಮದಾಬಾದು ಗಿರಣಿಗಳ ಊರು. 1918ರಲ್ಲಿ ಅಲ್ಲಿಯ ಗಿರಣಿ ಕೆಲಸಗಾರರು ಗಾಂಧೀಜಿಯ ಮುಂದಾಳುತನದಲ್ಲಿ ಶೇಕಡಾ 35 ಹೆಚ್ಚಳಕ್ಕಾಗಿ ಮುಷ್ಕರ ಹೂಡಿ, ಕೊನೆಗೆ ಪಂಚಾಯ್ತಿಯ ತೀರ್ಮಾನದಿಂದ ಅದನ್ನು ಪಡೆದರು. ಅಂಥ ಊರಿನಲ್ಲಿ ನಾವು ಕೇಳುವುದು ದೊಡ್ಡದೇನೂ ಅಲ್ಲ. ಕಟ್ಟುವವನ ಕೂಲಿ ನಡುವೆ ಸೋರದೆ ಅವನ ಕೈ ಸೇರಲಿ. ಬೀದಿಯ ವ್ಯಾಪಾರಿಯನ್ನು ಎಬ್ಬಿಸದೆ ಮಂಟಪದ ಮಗ್ಗುಲಲ್ಲೇ ಕೂಡ್ರಿಸಲಿ. ತೋರಿಸುವ ಪ್ರತಿಯೊಂದು ವಸ್ತುವಿನ ಕೆಳಗೆ ಅದನ್ನು ಮಾಡಿದವರ ಹೆಸರೂ ಅವರಿಗೆ ಸಂದ ಹಣವೂ ಬರೆದಿರಲಿ.

ಕಸೂತಿಯ ಗವಂತಿ ಹೊಲಿಗೆಯನ್ನು ನಮ್ಮ ಮನೆಯ ಹೆಣ್ಣುಮಕ್ಕಳೆಲ್ಲ ಬಲ್ಲರು. ಅದರಲ್ಲಿ ಗಂಟಿಲ್ಲ, ಬಟ್ಟೆ ತಿರುವಿದರೂ ಮುಂದಿನಂತೆಯೇ ಹಿಂದೆ. ಕಸೂತಿಯನ್ನು ಮಂಟಪದಲ್ಲಿ ತೂಗಹಾಕುವವರು ಮೊದಲು ಮಂಟಪವನ್ನೂ ಹಾಗೆ ಕಟ್ಟಲಿ. ಆಗ ಆ ಹುಡುಗನ ಜತೆ ನಮ್ಮ ಹಿರಿಯರೂ ರೈಲು ಹತ್ತಿ ನೋಡಿ ಬರುತ್ತಾರೆ.